ಖಾರಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ

ಥಾಯ್ ಅಡುಗೆಯ ಖಾರ ವಿದೇಶಿಯರಿಗೆ ಒಗ್ಗದು, ಅದನ್ನು ತಾಳುವ ಶಕ್ತಿ ಹುಟ್ಟಿನಿಂದಲೇ ಬರಬೇಕು ಎಂಬ ವಾದವನ್ನು ಒಪ್ಪಲಾಗದು. ಮೆಣಸಿನಕಾಯಿಯೇ ಥಾಯ್ಲೆಂಡಿಗೆ ಹೊರಗಿನದು. ಅಮೆರಿಕ ಖಂಡದ ಆ ಬೆಳೆ ಏಷ್ಯಾಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಕಾಲಕ್ಕೆ. ಇಂದಿಗೂ ಅಲ್ಲಿ ‘ಪ್ರಿಕ್ ಥಾಯ್’, ಅಂದರೆ ಥಾಯ್ ಮೆಣಸು, ಎಂದರೆ ಕಾಳುಮೆಣಸು; ಬರೀ ‘ಪ್ರಿಕ್’ ಎಂದರೆ ಮೆಣಸಿನಕಾಯಿ. ನಮ್ಮಲ್ಲೂ ಮೆಣಸಿನ ಹೆಸರನ್ನೇ ಮೆಣಸಿನಕಾಯಿ ಪಡೆದುಕೊಂಡಿತಲ್ಲವೇ? ಇನ್ನು ಖಾರವೆಂಬುದು ರುಚಿಯಲ್ಲ, ಉರಿ. ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಕೆರಳಿಸುತ್ತದೆ. ಪದೇಪದೇ ತಿಂದರೆ ಅವು ಮಂದವಾಗುತ್ತವೆ, ಯಾವ ದೇಶದವರದ್ದಾದರೂ ಸರಿ.

ಕೆಲವರಿಗೆ ಹುಟ್ಟಿನಿಂದಲೇ ಖಾರ ಹೆಚ್ಚು ತಾಗುತ್ತದೆ ಎನ್ನಬಹುದು. ನಿಜವೇ. ಆದರೆ ಆ ವ್ಯತ್ಯಾಸ ಬ್ಯಾಂಕಾಕಿನ ಒಂದೇ ಮನೆಯೊಳಗೂ ಇರುತ್ತದೆ. ಅದಕ್ಕೇ ಸೋಮ್ ತಮ್ ಎಂಬ ಹಸಿ ಪಪ್ಪಾಯಿ ಕೋಸಂಬರಿ ಕುಟ್ಟುವವರು ಮೆಣಸಿನಕಾಯಿ ಎಷ್ಟು ಹಾಕಲಿ ಎಂದು ಥಾಯ್ ಗಿರಾಕಿಯನ್ನೂ ಕೇಳುವುದುಂಟು. ವಿದೇಶಿಯನ್ನೂ ಹಾಗೆಯೇ ಕೇಳಲಿ. ಮುಖ ನೋಡಿ ಒರಳಿಗೆ ಸಕ್ಕರೆ ಸುರಿಯುವುದು ಬೇಡ.