ಪರದೇಶದಲ್ಲಿ ಮಾತ್ರೆಯ ಹೆಸರು

ಮಕ್ಕಳು ಪರದೇಶದಲ್ಲಿ ನೆಲಸಿರುವ ಗೃಹಸ್ಥರು ಈಗ ನಮ್ಮ ನಾಡಿನಲ್ಲಿ ಅನೇಕರುಂಟು. ಮಗನನ್ನು ನೋಡುವುದಕ್ಕೋ ಮಗಳ ಬಾಣಂತಿತನಕ್ಕೋ ಅವರು ಹೊರಡುತ್ತಾರೆ. ಹೊರಡುವ ಮುನ್ನ ಹುಳಿಪುಡಿ, ಹಪ್ಪಳ, ಸಂಡಿಗೆಗಳನ್ನು ಎರಡೆರಡು ಸಲ ತೂಗಿನೋಡುತ್ತಾರೆ. ತಾವು ದಿನವೂ ನುಂಗುವ ಮಾತ್ರೆಗಳ ವಿಷಯದಲ್ಲಿ ಮಾತ್ರ ಅಷ್ಟು ವಿಚಾರಮಾಡುವುದಿಲ್ಲ. ನಾವೂ ಮಾಡಿರಲಿಲ್ಲ. ಅದರ ಫಲವನ್ನು ಅನುಭವಿಸಿದ ಬಗೆಯನ್ನು ಈ ತಿಂಗಳು ವಾಚಕರಲ್ಲಿ ನಿವೇದಿಸುತ್ತೇವೆ.

2023ನೆಯ ಇಸವಿಯ ಮೇ ತಿಂಗಳಿನಲ್ಲಿ ನಾವು ಸಪತ್ನೀಕರಾಗಿ ಜರ್ಮನಿಯ ಹೈಡೆಲ್‌ಬರ್ಗ್ ಪಟ್ಟಣಕ್ಕೆ, ನಮ್ಮ ಮಗಳ ಮನೆಗೆ, ಹೋದೆವು. ಶನಿವಾರ ಸಾಯಂಕಾಲ ನಾವು ತಲಪಿದೆವು. ನಮ್ಮ ದೊಡ್ಡ ಪೆಟ್ಟಿಗೆ ತಲಪಲಿಲ್ಲ. ಬಟ್ಟೆಬರೆಗಳಿಗಾಗಿ ನಾವು ಚಿಂತಿಸಲಿಲ್ಲ. ಆದರೆ ನಮ್ಮ ಮನೆಯವರು ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕಾಗಿ ಸೇವಿಸುತ್ತಿದ್ದ ಮಾತ್ರೆಗಳೆಲ್ಲವೂ ಅದರಲ್ಲಿಯೇ ಇದ್ದುವು. ಪ್ರಯಾಣದ ಗಡಿಬಿಡಿಯಲ್ಲಿ ಅಂದಿನ ಮಾತ್ರೆಯೂ ತಪ್ಪಿತ್ತು.

“ಅಮ್ಮಾ, ಮಾತ್ರೆಯ ಹೆಸರೇನು?” ಎಂದು ಮಗಳು ಕೇಳಿದಳು.

“ಬಿಳಿಯದು, ನಡುವೆ ಒಂದು ಗೆರೆ ಇರುತ್ತೆ. ತಿಂಡಿಯಾದ ಮೇಲೆ ತೆಗೆದುಕೊಳ್ಳುವುದು” ಎಂದು ಆಕೆ ಹೇಳಿ ನಮ್ಮ ಮುಖವನ್ನು ನೋಡಿದಳು.

ಅಮರಕೋಶದ ವನೌಷಧಿವರ್ಗವನ್ನು ಇಂದಿಗೂ ಬಾಯಿಪಾಠವಾಗಿ ಒಪ್ಪಿಸಬಲ್ಲ ನಮಗೆ ಹೆಂಡತಿಯ ಮಾತ್ರೆಯ ಹೆಸರು ತಿಳಿದಿರಲಿಲ್ಲ. ತಿಳಿದಿರಬೇಕಾದ ಪ್ರಸಂಗವೇ ಬಂದಿರಲಿಲ್ಲವೆನ್ನಬೇಕು. ಮೈಸೂರಿನ ನಮ್ಮ ಬೀದಿಯ ತುದಿಯಲ್ಲಿರುವ ಔಷಧದ ಅಂಗಡಿಯಲ್ಲಿ “ಅಮ್ಮನವರದು ಒಂದು ತಿಂಗಳಿಗೆ ಕೊಡಪ್ಪ” ಎಂದರೆ ಸಾಕು. ಅಂಗಡಿಯಾತನು ತಲೆಯೆತ್ತದೆಯೇ ಕಟ್ಟಿಕೊಡುತ್ತಾನೆ. ನಮ್ಮ ವ್ಯಾಧಿಯ ಜ್ಞಾಪಕವನ್ನೆಲ್ಲ ಆತನಲ್ಲಿ ಅಡವಿಟ್ಟು ನಾವು ನಿಶ್ಚಿಂತರಾಗಿದ್ದೆವು. ಆತನಿಗೆ ದೂರವಾಣಿಯಲ್ಲಿ ಕೇಳೋಣವೆಂದರೆ ಮೈಸೂರಿನಲ್ಲಿ ಆಗ ಅರ್ಧರಾತ್ರಿ ಸಮೀಪಿಸಿತ್ತು. ನೆರೆಮನೆಯ ಸದ್ಗೃಹಸ್ಥರೊಬ್ಬರು ತಾವು ಸೇವಿಸುವ ರಕ್ತದೊತ್ತಡದ ಮಾತ್ರೆಯಲ್ಲೊಂದನ್ನು ತಂದು ನೀಡಿದರು. ಮಗಳು ಉಪಕಾರವನ್ನು ಸ್ಮರಿಸಿ ಹಿಂದಕ್ಕೆ ಕೊಟ್ಟಳು. ರೋಗವೊಂದೇ ಆದ ಮಾತ್ರಕ್ಕೆ ಔಷಧವೂ ಒಂದೇ ಆಗಬೇಕೆಂಬ ನಿಯಮವಿಲ್ಲವಷ್ಟೆ.

ಭಾನುವಾರ ಬೆಳಗಿನ ಜಾವದಲ್ಲಿ ಆಕೆ ಎದ್ದು ಕುಳಿತು, “ಎದೆ ಹೊಡೆದುಕೊಳ್ಳುತ್ತಿದೆ” ಎಂದಳು. ನಮ್ಮ ಧೈರ್ಯವೆಲ್ಲ ಆಗ ಉಡುಗಿತು. ಮೈಸೂರಿನ ಗಡಿಯಾರವು ಬೇಸಗೆಯಲ್ಲಿ ಅಲ್ಲಿಯದಕ್ಕಿಂತ ಮೂರೂವರೆ ಗಂಟೆ ಮುಂದು. ಅಂಗಡಿಯು ಬಾಗಿಲು ತೆರೆಯುವ ಹೊತ್ತಾಗಿತ್ತು. ಆ ಪುಣ್ಯಾತ್ಮನು ಐದು ನಿಮಿಷದೊಳಗಾಗಿ ಮಾತ್ರೆಯ ಹಾಳೆಯ ಚಿತ್ರವನ್ನು ತೆಗೆದು ಮೊಬೈಲಿಗೆ ಕಳುಹಿಸಿದನು. ಕಂಪೆನಿಯವರಿಟ್ಟ ದೊಡ್ಡ ಹೆಸರಿನ ಅಡಿಯಲ್ಲಿ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ‘ಮೆಟೊಪ್ರೊಲಾಲ್ ಸಕ್ಸಿನೇಟ್’ ಎಂದಿತ್ತು. ಈ ಜಾತಿಯ ಔಷಧವನ್ನು ಹಠಾತ್ತಾಗಿ ನಿಲ್ಲಿಸಿದರೆ ಒತ್ತಡವೂ ಎದೆಯ ಬಡಿತವೂ ಏರುವ ಭಯವುಂಟೆಂದು ನಮಗೆ ಆಮೇಲೆ ತಿಳಿಯಿತು.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಪ್ರಾಣಾಪಾಯವಿದ್ದರೆ 112, ಅಷ್ಟರ ಮಟ್ಟಿಗಿಲ್ಲದೆ ವೈದ್ಯರು ಬೇಕಾದರೆ 116117 ಎಂಬ ದೂರವಾಣಿ ಸಂಖ್ಯೆಗಳುಂಟು. ಎದೆನೋವು, ಉಬ್ಬಸಗಳಿಲ್ಲವೆಂದು ಕೇಳಿ ತಿಳಿದುಕೊಂಡು, ಸರದಿಯ ವೈದ್ಯರು ಕುಳಿತಿರುವ ಚಿಕಿತ್ಸಾಲಯಕ್ಕೆ ಹೋಗಬೇಕೆಂದು ಸೂಚಿಸಿದರು. ವೈದ್ಯರು ಸೌಮ್ಯಸ್ವಭಾವದವರು, ಇಂಗ್ಲಿಷ್ ಬಲ್ಲವರು. ಅವರ ಮೊದಲ ಪ್ರಶ್ನೆಯೇ, ಮೆಟೊಪ್ರೊಲಾಲಿನಲ್ಲಿ ಎರಡು ಲವಣಗಳುಂಟು, ಬೇಗ ಕರಗುವುದೋ ನಿಧಾನವಾಗಿ ಕರಗುವುದೋ ಎಂಬುದು. ಚಿತ್ರವನ್ನು ತೋರಿಸಿದೆವು. ನಮ್ಮ ಹಾಳೆಯ ಮೇಲೆ 50 ಎಂದು ದಪ್ಪಗೆ ಅಚ್ಚಾಗಿದ್ದಿತು. ವೈದ್ಯರು ಬರೆದದ್ದು 47.5 ಮಿಲಿಗ್ರಾಂ. ನಮ್ಮ ಮನೆಯವರು ಇದನ್ನು ಕಂಡು, ಪರದೇಶದವರೆಂದು ಕಡಮೆ ಕೊಡುತ್ತಿದ್ದಾರೆಯೇ ಎಂದು ನಮ್ಮ ಕಿವಿಯಲ್ಲಿ ಕೇಳಿದಳು. ಒಂದು ಲವಣದ 47.5 ಇನ್ನೊಂದರ 50ಕ್ಕೆ ಸಮವೆಂಬುದು ನಮ್ಮ ಹಾಳೆಯ ಸಣ್ಣಕ್ಷರದಲ್ಲಿಯೂ ಇದ್ದಿತು. ಹತ್ತು ವರ್ಷಗಳಲ್ಲಿ ನಾವು ಓದಿರಲಿಲ್ಲ, ಅಷ್ಟೆ.

ವೈದ್ಯರ ಶುಲ್ಕವನ್ನು ನಾವೇ ತೆತ್ತೆವು. ವೀಸಾಕ್ಕಾಗಿ 30,000 ಯೂರೋಗಳಿಗೆ ಕಡಮೆಯಿಲ್ಲದ ವಿಮೆಯನ್ನು ಮಾಡಿಸಿಯೇ ಹೋಗಬೇಕು, ಮಾಡಿಸಿದ್ದೆವು. ಆದರೆ ಮೊದಲಿನಿಂದಲೂ ಇರುವ ವ್ಯಾಧಿಗೆ ಅದು ಒದಗದೆಂದು ನಮ್ಮ ಪತ್ರದಲ್ಲಿ ಬರೆದಿತ್ತು. ಪ್ರಾಯ ಕಳೆದವರಿಗೆ ಮೊದಲಿನಿಂದ ಇಲ್ಲದ ವ್ಯಾಧಿ ಯಾವುದಿದ್ದೀತು!

ಆ ದೇಶದಲ್ಲಿ ಔಷಧದ ಅಂಗಡಿಗೆ ‘ಅಪೊಟೇಕೆ’ ಎನ್ನುತ್ತಾರೆ. ಕೆಂಪು ಬಣ್ಣದ ಹಳೆಯ ಮಾದರಿಯ ಒಂದು ಅಕ್ಷರವೇ ಅದರ ಗುರುತು. ಸಾಬೂನು, ಚಹಾ, ಟಾನಿಕ್ಕುಗಳನ್ನು ಮಾರುವ ಅಂಗಡಿಗಳು ಬೇರೆ ಇವೆ. ಅಲ್ಲಿ ಜ್ವರದ ಪ್ಯಾರಾಸಿಟಮಾಲ್ ಕೂಡ ದೊರೆಯದು. ಅಪೊಟೇಕೆಯಲ್ಲಿಯೂ ಚೀಟಿಯಿಲ್ಲದೆ ಒಮ್ಮೆಗೆ 500 ಮಿಲಿಗ್ರಾಮಿನ 20 ಮಾತ್ರೆಗಳ ಪೊಟ್ಟಣಕ್ಕಿಂತ ದೊಡ್ಡದನ್ನು ಕೊಡುವಂತಿಲ್ಲವೆಂದು 2009ರಲ್ಲಿ ನಿಯಮವಾಯಿತು. ರಾತ್ರಿ ಮತ್ತು ಭಾನುವಾರಗಳಲ್ಲಿ ಸರದಿಯಂತೆ ಕೆಲವು ಅಂಗಡಿಗಳು ಮಾತ್ರ ಸೇವೆಯಲ್ಲಿರುತ್ತವೆ. ಯಾವುವೆಂಬುದನ್ನು ಮುಚ್ಚಿದ ಅಂಗಡಿಗಳ ಬಾಗಿಲ ಮೇಲೆ ಬರೆದಿರುತ್ತಾರೆ. ನಾವು ಹುಡುಕಿಕೊಂಡು ಹೋಗಿ ಗಂಟೆಯನ್ನೊತ್ತಿದೆವು. ಬಾಗಿಲಲ್ಲಿದ್ದ ಪುಟ್ಟ ಕಿಂಡಿಯೊಂದು ತೆರೆಯಿತು. ಚೀಟಿ ಒಳಗೆ ಹೋಯಿತು, ಔಷಧ ಹೊರಗೆ ಬಂದಿತು. ಅಕಾಲದಲ್ಲಿ ಕರೆದುದಕ್ಕೆ ಎರಡೂವರೆ ಯೂರೋ ಹೆಚ್ಚಿಗೆ. ಆ ಕಿಂಡಿಯ ಮುಂದೆ ನಿಂತಾಗ, ದೇವಾಲಯದ ಬಾಗಿಲು ಹಾಕಿದ ಮೇಲೆ ಬಂದ ಭಕ್ತನಿಗೆ ಅರ್ಚಕರು ಕರುಣೆಯಿಂದ ತೀರ್ಥವನ್ನು ಕೊಟ್ಟಂತೆ ನಮಗೆ ಭಾಸವಾಯಿತು.

ಆಕೆ ಗುಣಹೊಂದಿದ ಮೇಲೆ ಊರಿನ ಕೋಟೆಯಲ್ಲಿರುವ ಔಷಧಾಲಯಗಳ ವಸ್ತುಸಂಗ್ರಹಾಲಯವನ್ನು ನೋಡಿದೆವು. ಸಾಲುಸಾಲಾಗಿ ಭರಣಿಗಳು, ಅವುಗಳ ಮೇಲೆ ಲ್ಯಾಟಿನ್ ಭಾಷೆಯ ಹೆಸರುಗಳು. ಯೂರೋಪಿನ ಯಾವ ದೇಶದ ಔಷಧಿಕನಾದರೂ ಅವನ್ನು ಓದಿಕೊಳ್ಳುತ್ತಿದ್ದನು. ನಮ್ಮ ಕಾಶಿಯ ವೈದ್ಯನೂ ಕೇರಳದ ವೈದ್ಯನೂ ‘ಪಿಪ್ಪಲೀ’ ಎಂದರೆ ಒಂದನ್ನೇ ತಿಳಿಯುತ್ತಿದ್ದುದು ಹೀಗೆಯೇ. ಇಂದು ಆ ಸ್ಥಾನದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಡುವ ಸಾರ್ವತ್ರಿಕ ನಾಮಗಳಿವೆ. 1953ರಲ್ಲಿ ಅವುಗಳ ಮೊದಲ ಪಟ್ಟಿಯು ಪ್ರಕಟವಾಯಿತು. ವ್ಯಾಕರಣವನ್ನೋದಿದವರಿಗೆ ಇವು ಪರಮಸಂತೋಷವನ್ನುಂಟುಮಾಡತಕ್ಕವು. ಏಕೆಂದರೆ ಇವಕ್ಕೆ ಪ್ರತ್ಯಯಗಳುಂಟು! ‘ಒಲಾಲ್’ ಎಂದು ಮುಗಿದರೆ ಹೃದಯದ ವೇಗವನ್ನು ತಗ್ಗಿಸತಕ್ಕದ್ದು. ‘ಡಿಪಿನ್’ ಎಂದರೆ ರಕ್ತನಾಳಗಳನ್ನು ಸಡಿಲಿಸತಕ್ಕದ್ದು. ‘ಸ್ಟಾಟಿನ್’ ಎಂದರೆ ಕೊಲೆಸ್ಟರಾಲನ್ನು ಇಳಿಸತಕ್ಕದ್ದು. ಅಪವಾದವೂ ಉಂಟು: ನಿಸ್ಟಾಟಿನ್ ಎಂಬುದು ಬೂಷ್ಟಿನ ಜಾತಿಯ ಸೋಂಕಿಗೆ ಕೊಡುವ ಔಷಧ. ನಾಮಭೇದವೂ ಉಂಟು: ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಅಸಿಟಮಿನೊಫೆನ್, ಉಬ್ಬಸದ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಚರಕಾಚಾರ್ಯರು ಹೇಳಿರುವುದು ಪ್ರಸಿದ್ಧವಾಗಿದೆ. ರೋಗಿಗೂ ಅವರು ಗುಣಗಳನ್ನು ವಿಧಿಸಿದ್ದಾರೆ: ಜ್ಞಾಪಕಶಕ್ತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ವ್ಯಾಧಿಯನ್ನು ತಿಳಿಯಹೇಳುವ ಸಾಮರ್ಥ್ಯ. ಮೊದಲಿನದನ್ನೂ ಕಡೆಯದನ್ನೂ ಊರಿನಲ್ಲಿ ನಮ್ಮ ಪರವಾಗಿ ಬೇರೆಯವರು ನಿರ್ವಹಿಸುತ್ತಾರೆ. ಪರದೇಶದಲ್ಲಿ ನಮ್ಮನ್ನು ಬಲ್ಲವರಿಲ್ಲ. ಅಲ್ಲಿ ರೋಗಿಯು ತನ್ನ ಪಾದದ ಮೇಲೆಯೇ ನಿಲ್ಲಬೇಕು.

ಆದಕಾರಣ, ಹೊರಡತಕ್ಕವರು ತಮ್ಮ ವೈದ್ಯರಿಂದ ರೋಗದ ಹೆಸರು, ಔಷಧಗಳ ಸಾರ್ವತ್ರಿಕ ನಾಮ, ಪ್ರಮಾಣ, ವೇಳೆ ಇವುಗಳನ್ನು ಇಂಗ್ಲಿಷಿನಲ್ಲಿ ಬರೆಯಿಸಿ ರುಜು ಮಾಡಿಸಿಕೊಳ್ಳತಕ್ಕದ್ದು. ಮಾತ್ರೆಗಳನ್ನು ಅಂಗಡಿಯ ಹಾಳೆಯಲ್ಲಿಯೇ, ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಬಿಡಿಸಿ ಡಬ್ಬಿಗೆ ತುಂಬಬಾರದು. ಜರ್ಮನಿಗೆ ಸ್ವಂತ ಬಳಕೆಗೆಂದು ಸುಮಾರು ಮೂರು ತಿಂಗಳಿನಷ್ಟನ್ನು ಒಯ್ಯಬಹುದು, ಆದರೆ ಆಮೇಲೆ ಊರಿನಿಂದ ಅಂಚೆಯಲ್ಲಿ ತರಿಸಿಕೊಳ್ಳುವಂತಿಲ್ಲ. ಎಲ್ಲ ದೇಶಗಳ ಕಟ್ಟಳೆಯೂ ಒಂದೇ ಅಲ್ಲ. ನಮ್ಮ ಕರಾವಳಿಯ ಬಂಧುಗಳು ಬಹುವಾಗಿ ಹೋಗುವ ದುಬೈ, ಅಬುಧಾಬಿಗಳಲ್ಲಿ ನೋವಿನ ಟ್ರಮಡಾಲಿಗೂ, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನಿಗೂ ಸರ್ಕಾರದ ಪೂರ್ವಾನುಮತಿ ಬೇಕು, ಇಲ್ಲದಿದ್ದರೆ ಅಪರಾಧವಾದೀತು. ಜಪಾನಿಗೆ ನೆಗಡಿಯ ಸೂಡೊಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಾಗಿರುವ ಮಾತ್ರೆಯನ್ನು ಪೂರ್ವಾನುಮತಿಯಿಲ್ಲದೆ ಒಯ್ಯಲಾಗದು.

ನಮ್ಮ ಪೆಟ್ಟಿಗೆಯು ಬುಧವಾರ ಬಂದಿತು. ಮಾತ್ರೆಗಳು ಕ್ಷೇಮವಾಗಿದ್ದುವು, ಉಪ್ಪಿನಕಾಯಿಯ ಭರಣಿಯೂ ಒಡೆದಿರಲಿಲ್ಲ. ಮೈಸೂರಿಗೆ ಹಿಂದಿರುಗಿದ ಮೇಲೆ ನಮ್ಮ ಮನೆಯವರು ಅಂಗಡಿಗೆ ಹೋಗಿ “ಮೆಟೊಪ್ರೊಲಾಲ್ ಸಕ್ಸಿನೇಟ್, 47.5” ಎಂದು ಕೇಳಿದಾಗ ಅಂಗಡಿಯಾತನು ತಬ್ಬಿಬ್ಬಾಗಿ, “ಅಮ್ಮಾ, ನಿಮ್ಮದು ಯಾವಾಗಲೂ 50 ಅಲ್ಲವೇ?” ಎಂದನಂತೆ.