ಬೆಡಗು ಬೇರೆ, ರಕ್ತ ಹತ್ತಿರ

"ಮಾಸ್ತರ್ರ, ಬೆಡಗು ಬ್ಯಾರೆ ಐತಲ್ರೀ, ಮತ್ಯಾಕ ಬ್ಯಾಡ ಅಂತೀರಿ?" ಯಲಬುರ್ಗಾ ಕಡೆಯ ತಂದೆಯೊಬ್ಬರು ಕೇಳಿದ್ದರು. ಡಿಗ್ರಿ ಓದುತ್ತಿದ್ದ ಮಗಳನ್ನು ಹೆಂಡತಿಯ ತಮ್ಮನಿಗೇ ಕೊಡುವ ಮಾತು ನಡೆದಿತ್ತು.

ಒಂದೇ ಬೆಡಗಿನವರು ಅಣ್ಣ-ತಂಗಿಯರಿದ್ದಂತೆ, ಲಗ್ನ ಕೂಡದು. ಬೆಡಗು ಬರುವುದು ತಂದೆಯಿಂದ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಹಾದಿಯೂ ಅದೇ. ಯೆಹೂದಿಗಳ ಪುರೋಹಿತ ವಂಶದ ಕೊಹೆನರದೂ ಹೀಗೆಯೇ. ಅವರು ವಿಚ್ಛೇದಿತೆಯನ್ನು ವರಿಸುವಂತಿಲ್ಲ. 1997ರಲ್ಲಿ ಅವರ ವೈ ವರ್ಣತಂತುಗಳನ್ನು ಪರೀಕ್ಷಿಸಿದಾಗ ಅನೇಕರಲ್ಲಿ ಹೋಲಿಕೆ ಕಂಡಿತು. ಆದರೆ ಉಳಿದ 45 ವರ್ಣತಂತುಗಳ ಲೆಕ್ಕವನ್ನು ಬೆಡಗು ಇಡುವುದಿಲ್ಲ! ಅಕ್ಕನ ಮಗಳು ತನ್ನ ತಂದೆಯ ಬೆಡಗಿನವಳು, ಹಾಗಾಗಿ ದಾರಿ ಮುಕ್ತ.

ಈಗ ಗಣಿತ ನೋಡಿ. ಸೋದರಮಾವ-ಸೊಸೆಯರ ಜೀನುಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದವು. ಅವರ ಮಗುವಿಗೆ ಒಂದೇ ಜೀನಿನ ಎರಡು ಪ್ರತಿ ಸಿಗುವ ಸಂಭವ 1/8. ಅತ್ತೆ-ಮಾವನ ಮಕ್ಕಳು ಮದುವೆಯಾದರೆ 1/16. ಅಡಗಿ ಕುಳಿತ ದೋಷ ಹೊರಬೀಳುವುದು ಹೀಗೆ: ಹುಟ್ಟುಕಿವುಡು, ಥಲಸ್ಸೇಮಿಯಾ. ಬಹುಪಾಲು ಮಕ್ಕಳು ನೆಟ್ಟಗೇ ಹುಟ್ಟುತ್ತಾರೆ, ಹೆದರಿಸಲು ಹೇಳುತ್ತಿಲ್ಲ.

1955ರ ಹಿಂದೂ ವಿವಾಹ ಕಾಯ್ದೆ ಸಗೋತ್ರವನ್ನು ತಡೆಯುವುದಿಲ್ಲ. ಸೋದರಮಾವನನ್ನು ತಡೆಯುತ್ತದೆ, ರೂಢಿಯಿದ್ದಲ್ಲಿ ಮಾತ್ರ ಬಿಡುತ್ತದೆ. ನಮ್ಮ ಕಡೆ ರೂಢಿಗೇನು ಬರವೇ?

ಎಲ್ಲ ಕೇಳಿ ಆ ತಂದೆ, "ಹೊಲ ಹೊರಗ ಹೋಗತೈತಲ್ರೀ" ಎಂದರು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.