ಬಿರುಗಾಳಿ ಹೋಯಿತು, ಸಾಲ ಉಳಿಯಿತು



ಬಿರುಗಾಳಿ ಅಂದರೆ ಕರಾವಳಿಯವರ ಕಷ್ಟ, ಘಟ್ಟದ ಮೇಲಿನವರಿಗೆ ಅದರ ಗೊಡವೆ ಇಲ್ಲ ಎಂದು ನಾವು ಬಹಳ ಕಾಲ ನಂಬಿದ್ದೆವು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಸಮುದ್ರವೇ ಎದ್ದು ಬಂದು ಸುಮಾರು ಹತ್ತು ಸಾವಿರ ಜನ ಸತ್ತರು. ಆಗ ನಾವು ಸುದ್ದಿ ಕೇಳಿ ಮರುಗಿದೆವು, ಅಷ್ಟೇ. 2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ 'ತೌಕ್ತೆ' ಬಂತು. ಬರ್ಮಾದವರು ಇಟ್ಟ ಹೆಸರಂತೆ, ಹಲ್ಲಿ ಎಂದು ಅರ್ಥವಂತೆ. ಉಡುಪಿ, ಮಂಗಳೂರಿನ ಕಡೆ ಮನೆ, ರಸ್ತೆ, ದೋಣಿ ಎಲ್ಲ ಹಾಳಾದವು. ಪೆಟ್ಟು ತಿಂದ ಜಿಲ್ಲೆಗಳ ಪಟ್ಟಿಯಲ್ಲಿ ಆ ಸಲ ನಮ್ಮ ಶಿವಮೊಗ್ಗವೂ ಸೇರಿತು. ಹಲ್ಲಿ ಘಟ್ಟ ಹತ್ತಿತು!

ಆದರೆ ನಮ್ಮನ್ನು ಮುಳುಗಿಸುವ ಮಳೆಗೆ ಹೆಸರೇ ಬೇಕಾಗಿಲ್ಲ. 2019ರ ಆಗಸ್ಟ್ ಎರಡನೇ ವಾರ ನೆನಪು ಮಾಡಿಕೊಳ್ಳಿ. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು ಮೂರು ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಬಿದ್ದ ನೀರು ಅಲ್ಲಿ ನಿಲ್ಲುವುದಿಲ್ಲ, ನೇರ ಶಿವಮೊಗ್ಗದ ಬಾಗಿಲಿಗೆ ಬರುತ್ತದೆ. ಬಂತು. ಕುಂಬಾರಗುಂಡಿ, ಇಮಾಂಬಾಡ, ರಾಜೀವ್ ಗಾಂಧಿ ಬಡಾವಣೆ ನೀರಿನಲ್ಲಿ ನಿಂತವು. ಭದ್ರಾವತಿಯ ಕತೆ ಬೇರೆ. ಲಕ್ಕವಳ್ಳಿಯ ಭದ್ರಾ 71 ಟಿಎಂಸಿ ಹಿಡಿಯುವ ದೊಡ್ಡ ಹೊಟ್ಟೆ. ಆದರೆ ಆ ಹೊಟ್ಟೆ ತುಂಬಿ ಗೇಟು ಎತ್ತಿದರು ಅಂದರೆ ಊರ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಗೆ ನೀರು ನುಗ್ಗುತ್ತದೆ. ಅದೇ 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡವೇ ಜಾರಿ ಗದ್ದೆ ತೋಟಗಳ ಮೇಲೆ ಬಿತ್ತು.

ಪೇಟೆಯಲ್ಲಿ ಮನೆ ಕಳೆದುಕೊಂಡವರಿಗೆ ತಕ್ಷಣ ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಆ ವರ್ಷ ಸರ್ಕಾರ ಹೇಳಿತು. ಅದು ಹೆಚ್ಚಾಯಿತು ಎಂದು ನಾನು ಹೇಳುವವನಲ್ಲ. ಬಡವರ ಗೋಡೆ ಏಳಬೇಕು. ನಾನು ಕೇಳುವುದು ಇಷ್ಟೇ: ತೋಟ, ಗದ್ದೆ ಹೋದವನಿಗೆ ಏನು ಕೊಟ್ಟಿರಿ?

ಲೆಕ್ಕ ಹಾಕೋಣ. ಕೇಂದ್ರ ಸರ್ಕಾರದ ಪರಿಹಾರದ ಮಾನದಂಡದಲ್ಲಿ ಬಹುವಾರ್ಷಿಕ ಬೆಳೆಗೆ, ಅಂದರೆ ನಮ್ಮ ಅಡಿಕೆಗೆ, 2019ರಲ್ಲಿ ಹೆಕ್ಟೇರಿಗೆ 18,000 ರೂಪಾಯಿ. 2022ರಲ್ಲಿ ತಿದ್ದಿ 22,500 ಮಾಡಿದರು. ಹೆಕ್ಟೇರು ಅಂದರೆ ಎರಡೂವರೆ ಎಕರೆ. ಸರಿಯಾದ ಅಂತರದಲ್ಲಿ ಹಾಕಿದರೆ ಒಂದು ಹೆಕ್ಟೇರಿಗೆ 1,370 ಅಡಿಕೆ ಮರ. ಭಾಗಿಸಿ ನೋಡಿ ಸ್ವಾಮಿ. ಒಂದು ಮರಕ್ಕೆ ಹದಿನಾರು ರೂಪಾಯಿ! ಈ ದುಡ್ಡಿಗೆ ಒಂದು ಒಳ್ಳೆಯ ಸಸಿ ಬರುತ್ತದೆಯೇ? ಬಂದರೂ ಅದು ಫಲ ಕೊಡಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಮನೆಯವರು ಏನು ತಿನ್ನಬೇಕು? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ.

ಗುಡ್ಡ ಜಾರಿ ಜಮೀನೇ ಹೋದರೆ? 2022ರ ಮಾನದಂಡದಲ್ಲಿ ಹೆಕ್ಟೇರಿಗೆ 47,000. ಅಂದರೆ ಗುಂಟೆಗೆ ಐನೂರು ರೂಪಾಯಿಯೂ ಇಲ್ಲ. ಅದೂ ಸಣ್ಣ, ಅತಿ ಸಣ್ಣ ರೈತರಿಗೆ ಮಾತ್ರ. ಬೆಳೆ ಪರಿಹಾರ ಎರಡು ಹೆಕ್ಟೇರಿಗೆ ಮಾತ್ರ, ಅದೂ ನಷ್ಟ ನೂರಕ್ಕೆ 33 ದಾಟಿದರೆ ಮಾತ್ರ. ರಾಜ್ಯ ಸರ್ಕಾರ 2019ರಲ್ಲಿ ಹೆಕ್ಟೇರಿಗೆ ಹತ್ತು ಸಾವಿರ ಮೇಲೆ ಸೇರಿಸಿತು, 2021ರಲ್ಲೂ ಸೇರಿಸಿತು. ಒಳ್ಳೆಯದೇ. ಆದರೆ ಅದು ಆಳುವವರ ಮನಸ್ಸು ಬಂದ ವರ್ಷದ ದಾನ, ನಮ್ಮ ಹಕ್ಕಲ್ಲ.

ಇನ್ನು ಈ 33ರ ಲೆಕ್ಕ ಬರೆಯುವುದು ಯಾವಾಗ? ನೀರು ಇಳಿದ ಕೂಡಲೇ ಸರ್ವೆಗೆ ಬರುತ್ತಾರೆ. ಮರ ಹಸಿರಾಗಿ ನಿಂತಿರುತ್ತದೆ. 'ನಷ್ಟವಿಲ್ಲ' ಎಂದು ಬರೆದು ಹೋಗುತ್ತಾರೆ. ಆದರೆ ಬಿಡದೆ ಸುರಿದ ಮಳೆಯಲ್ಲಿ ಎರಡನೇ ಸಲ ಮೈಲುತುತ್ತ ಸುಣ್ಣದ ಔಷಧಿ ಹೊಡೆಯಲು ಆಗಿರುವುದಿಲ್ಲ. ಆಮೇಲೆ ಕೊಳೆರೋಗ ಹತ್ತಿ ಕಾಯಿ ಉದುರುತ್ತದೆ. ಗದ್ದೆಯ ನಷ್ಟ ಕಣ್ಣಿಗೆ ಕಾಣುತ್ತದೆ, ತೋಟದ ನಷ್ಟ ಒಂದು ತಿಂಗಳು ತಡವಾಗಿ ಕಾಣುತ್ತದೆ. ಇಷ್ಟು ತಿಳಿಯದವರು ನಮ್ಮ ನಷ್ಟ ಅಳೆಯುತ್ತಾರೆ!

ವಿಮೆ ಇದೆಯಲ್ಲ ಅನ್ನುತ್ತೀರಾ? ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟಿಸಿಕೊಂಡಿದ್ದಾರೆ. ಕಂಪನಿಯವರು ತೋಟಕ್ಕೆ ಬರುವುದಿಲ್ಲ, ಪಂಚಾಯ್ತಿಯ ಮಳೆ ಮಾಪಕ ನೋಡುತ್ತಾರೆ. ಮಲೆನಾಡಿನಲ್ಲಿ ಗುಡ್ಡದ ಆಚೆ ಒಂದು ಮಳೆ, ಈಚೆ ಒಂದು ಮಳೆ. ಮಾಪಕ ಕೆಟ್ಟು ಕೂತರೆ ನಮ್ಮ ಹಣೆಬರಹವೂ ಕೆಟ್ಟಿತು.

ಪೇಟೆಯವರು ಕೇಳುತ್ತಾರೆ, 'ಅಡಿಕೆಗೆ ಒಳ್ಳೆ ಧಾರಣೆ ಇದೆಯಲ್ಲ, ನಿಮಗೇನು ಕಮ್ಮಿ?' ಧಾರಣೆ ಇರುವುದು ಮಂಡಿಗೆ ಹೋದ ಅಡಿಕೆಗೆ. ಆಗಸ್ಟಿನಲ್ಲಿ ಕೆಸರಿಗೆ ಬಿದ್ದ ಕಾಯಿಗೆ ಯಾವ ಧಾರಣೆ?

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಸಾಲದ ಬಾಗಿಲಲ್ಲಿ. ಸೊಸೈಟಿಯ ಬೆಳೆ ಸಾಲಕ್ಕೆ ಸೊನ್ನೆ ಬಡ್ಡಿ. ಆದರೆ ಅದು ಗಡುವಿನೊಳಗೆ ಕಟ್ಟಿದವನಿಗೆ. ಫಸಲು ಹೋಗಿ ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ. ಗಡುವು ತಪ್ಪದಿರಲಿ ಎಂದು ನಮ್ಮವನು ಕೈಗಡ ತರುತ್ತಾನೆ, ಹೆಂಡತಿಯ ಸರ ಅಡ ಇಡುತ್ತಾನೆ, ಸೊಸೈಟಿಗೆ ಕಟ್ಟಿ ಮತ್ತೆ ಎತ್ತುತ್ತಾನೆ. ನಷ್ಟ ಶೇಕಡಾ 33 ದಾಟಿದರೆ ಸಾಲವನ್ನು ಎರಡು ವರ್ಷಕ್ಕೆ, 50 ದಾಟಿದರೆ ಐದು ವರ್ಷಕ್ಕೆ ಕಂತು ಮಾಡಬಹುದು ಎಂದು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನವೇ ಹೇಳಿತ್ತು. ಎಷ್ಟು ಬ್ಯಾಂಕಿನವರು ಊರಿಗೆ ಬಂದು ಇದನ್ನು ಹೇಳಿದ್ದಾರೆ?

2019ರಲ್ಲಿ ರಾಜ್ಯಕ್ಕೆ ಸುಮಾರು 35 ಸಾವಿರ ಕೋಟಿ ನಷ್ಟ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಅಕ್ಟೋಬರಿನಲ್ಲಿ ದೆಹಲಿಯಿಂದ ಮೊದಲು ಬಂದದ್ದು 1,200 ಕೋಟಿ. ಉಳಿದದ್ದನ್ನು ಹೊತ್ತವರು ಯಾರು? ಗಾಳಿ ಮಳೆ ಸರ್ಕಾರ ತಂದದ್ದಲ್ಲ, ಒಪ್ಪೋಣ. ಆದರೆ ಮರಕ್ಕೆ ಹದಿನಾರು ರೂಪಾಯಿ ಎಂಬ ಲೆಕ್ಕ ದೇವರು ಬರೆದದ್ದಲ್ಲ!

ಆದ್ದರಿಂದ ನಮ್ಮ ಬೇಡಿಕೆ ಇವು:

1. ತೋಟದ ಪರಿಹಾರವನ್ನು ಮರದ ಲೆಕ್ಕದಲ್ಲಿ, ಸಸಿ ಫಲಕ್ಕೆ ಬರುವವರೆಗಿನ ಖರ್ಚು ಸೇರಿಸಿ ಕೊಡಬೇಕು.
2. ಎರಡು ಸರ್ವೆ ಆಗಬೇಕು. ನೀರು ಇಳಿದ ಮೇಲೆ ಒಂದು, ಕೊಳೆ ಉದುರಿದ ಮೇಲೆ ಇನ್ನೊಂದು. ವರದಿ ಪಂಚಾಯ್ತಿ ಗೋಡೆಗೆ ಅಂಟಿಸಬೇಕು.
3. ನೆರೆ ಪೀಡಿತ ಎಂದು ಘೋಷಿಸಿದ ತಾಲ್ಲೂಕಿನಲ್ಲಿ ಸೊನ್ನೆ ಬಡ್ಡಿ ಉಳಿಸಿಕೊಂಡೇ ಸಾಲದ ಗಡುವು ತಾನಾಗಿ ಮುಂದೆ ಹೋಗಬೇಕು. ಅರ್ಜಿ ಹಿಡಿದು ಅಲೆಸಬಾರದು.
4. ಮಳೆ ಮಾಪಕದ ದಿನದ ಲೆಕ್ಕ ರೈತರ ಕಣ್ಣಿಗೆ ಕಾಣಬೇಕು.

ಪಹಣಿ ಹಿಡಿದು, ಬಿದ್ದ ಮರ ಎಣಿಸಿ, ಉದುರಿದ ಕಾಯಿ ತೂಗಿ ಇವತ್ತೇ ಬರೆದಿಟ್ಟುಕೊಳ್ಳಿ. ಅವರು ಬರೆದ ಲೆಕ್ಕಕ್ಕೆ ನಮ್ಮ ಲೆಕ್ಕವೇ ಉತ್ತರ. ಬಾಯಿ ಮಾತು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಇಡೀ ಊರಿನ ಲೆಕ್ಕ ಒಂದೇ ಕಟ್ಟಾಗಿ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಬಿದ್ದರೆ, ಅದನ್ನು ಪಕ್ಕಕ್ಕೆ ತಳ್ಳುವುದು ಅಷ್ಟು ಸುಲಭವಲ್ಲ.